ಸತ್ತವನ ಕುರ್ಚಿಗೊಂದು ಗಂಟು

ಎಡಗಾಲಿಗೆ ಭಾರ ಬಿಟ್ಟು ಇನ್ನೂರು ಎಣಿಸುವುದು, ಆಮೇಲೆ ಬಲಗಾಲಿಗೆ ದಾಟಿಸಿ ಮತ್ತೆ ಇನ್ನೂರು. ವಸ್ತುಸಂಗ್ರಹಾಲಯದ ಐದನೇ ಕೋಣೆಯ ಕಾವಲುಗಾರನಾಗಿ ಹದಿಮೂರು ವರ್ಷ ಅವನು ಕಳೆದದ್ದು ಹೀಗೆ. ಇವತ್ತು ಮಾತ್ರ ಎಣಿಕೆ ಎಂಬತ್ತು ದಾಟುತ್ತಿರಲಿಲ್ಲ. ಎಂಬತ್ತರ ಹೊತ್ತಿಗೆ ಕಣ್ಣು ಕುರ್ಚಿಯ ಕಡೆ ಜಾರುತ್ತಿತ್ತು. ಆ ಕಣ್ಣನ್ನು ಅವನು ನೆರೆಯವರ ಅಡುಗೆಮನೆಗೆ ನುಗ್ಗಿದ ಮಗುವನ್ನು ರಟ್ಟೆ ಹಿಡಿದು ತರುವಂತೆ ಎಳೆದು ತಂದು ಎದುರಿನ ಗೋಡೆಯ ಮೇಲೆ ನಿಲ್ಲಿಸುತ್ತಿದ್ದ. ಗೋಡೆಯ ಚಿತ್ರದಲ್ಲಿ ಈಜಿಪ್ಟಿನ ನರಿಮುಖದ ದೇವರು ತಕ್ಕಡಿ ಹಿಡಿದು, ಸತ್ತವನ ಗುಂಡಿಗೆಯನ್ನು ಒಂದು ಹಕ್ಕಿಗರಿಯ ಎದುರು ತೂಗುತ್ತಿದ್ದ. ಪಾಪಿಯ ಗುಂಡಿಗೆ ಗರಿಗಿಂತ ಭಾರವಾಗುತ್ತದೆ, ಆಗ ಪಕ್ಕದಲ್ಲಿ ಕಾದು ಕೂತ ಮೊಸಳೆಬಾಯಿಯ ಪ್ರಾಣಿ ಅದನ್ನು ನುಂಗುತ್ತದೆ ಎಂದು ಕೆಳಗಿನ ಫಲಕ ಹೇಳುತ್ತಿತ್ತು. ಇಷ್ಟು ವರ್ಷ ಆ ಪ್ರಾಣಿಯ ಮೇಲೆ ಅವನಿಗಿದ್ದದ್ದು ಒಂದೇ ದೂರು: ಅದೂ ಕೂತಿದೆ. ಇವತ್ತು ಅದು ಕೂತಲ್ಲಿಂದಲೇ ತನ್ನನ್ನು ನೋಡಿ ಬಾಯಿ ಚಪ್ಪರಿಸಿದಂತೆ ಕಂಡಿತು.

ಯೋಚಿಸಿದರೆ ಆ ಕೋಣೆಯಲ್ಲಿ ಎಲ್ಲರಿಗೂ ಏನಾದರೂ ಒಂದು ವ್ಯವಸ್ಥೆ ಆಗಿತ್ತು. ಯಜಮಾನ ಮಲಗಿದ್ದ. ಅವನು ಮೂರು ಸಾವಿರ ವರ್ಷಗಳ ಹಿಂದೆ ಯಾವುದೋ ಅರಸನ ಕಣಜಗಳ ಮೇಲ್ವಿಚಾರಕನಾಗಿದ್ದವನಂತೆ; ಒಂದರೊಳಗೊಂದು ಮೂರು ಮರದ ಪೆಟ್ಟಿಗೆ, ಹೊರಗಿನ ಪೆಟ್ಟಿಗೆಯ ಮೇಲೆ ಅವನದೇ ಮುಖ, ಆ ಮುಖದಲ್ಲಿ ಊಟವಾದ ಮೇಲಿನ ತೃಪ್ತಿ. ಪೆಟ್ಟಿಗೆಯ ಬದಿಯ ಚಿತ್ರದಲ್ಲಿ ಆತ ಕುರ್ಚಿಯ ಮೇಲೆ ಕೂತಿದ್ದ, ಎದುರಿಗೆ ರೊಟ್ಟಿಯ ರಾಶಿ, ಕತ್ತು ಮುರಿದ ಬಾತುಕೋಳಿ, ಕುರ್ಚಿಯ ಕೆಳಗೆ ಬೆಕ್ಕು. ಆ ಬೆಕ್ಕಿಗೂ ಕೂರಲು ಜಾಗವಿತ್ತು. ನಿಂತವರೆಂದರೆ ಗಾಜಿನ ಕಪಾಟಿನ ಗೊಂಬೆಗಳು ಮಾತ್ರ. ಗೇಣುದ್ದದ ನೀಲಿ ಗೊಂಬೆಗಳು, ದಿನಕ್ಕೊಂದರಂತೆ ಮುನ್ನೂರ ಅರವತ್ತೈದು, ಹತ್ತಾಳಿಗೊಬ್ಬರಂತೆ ಚಾವಟಿ ಹಿಡಿದ ಮೇಸ್ತ್ರಿ ಗೊಂಬೆಗಳು ಬೇರೆ. ಪರಲೋಕದಲ್ಲಿ ಹೊಲ ಉಳುವ, ಮರಳು ಹೊರುವ ಬಿಟ್ಟಿ ಕೆಲಸಕ್ಕೆ ಯಜಮಾನನನ್ನು ಕರೆದರೆ ಅವನ ಬದಲು ಇವು ಎದ್ದು 'ಇಗೋ, ನಾನಿದ್ದೇನೆ' ಎನ್ನಬೇಕು. ಒಂದೊಂದರ ಹೊಟ್ಟೆಯ ಮೇಲೂ ಅದನ್ನೇ ಬರೆದಿತ್ತು. ಸಾಯುವಾಗಲೂ ದುಡಿಮೆ ತಪ್ಪಿಸಿಕೊಳ್ಳುವ ಉಪಾಯ ಹುಡುಕಿಕೊಂಡು ಸತ್ತವರು ಎಂದು ಅವನು ಹಲ್ಲು ಕಚ್ಚಿಕೊಂಡದ್ದುಂಟು. ಹಾಗೆ ಕಚ್ಚಿಕೊಳ್ಳುತ್ತಲೇ, ಯಾರಾದರೂ 'ಶೌಚಾಲಯ ಎಲ್ಲಿ?' ಎಂದು ಕೇಳಿದಾಗ ಎರಡೂ ಕಾಲು ಜೋಡಿಸಿ ಎದೆ ಸೆಟೆಸಿ ಉತ್ತರಿಸಿದ್ದೂ ಉಂಟು.

ಅವನು ಕೇಳಿದ್ದು ಒಂದು ಸ್ಟೂಲು. ಬೆನ್ನಿಗೆ ಒರಗು ಬೇಡ, ಕೈಗೆ ಆಸರೆ ಬೇಡ, ನಾಲ್ಕು ಕಾಲಿನ ಒಂದು ಸ್ಟೂಲು. ಏಳು ವರ್ಷ ಏಳು ಅರ್ಜಿ ಬರೆದಿದ್ದ. ಮೊದಲ ಅರ್ಜಿಗೆ, ಸ್ಟೂಲು ಇಟ್ಟರೆ ಜನ ಅದನ್ನೂ ಪ್ರದರ್ಶನದ ವಸ್ತು ಎಂದುಕೊಂಡಾರು ಎಂಬ ಉತ್ತರ ಬಂತು. ಎರಡನೆಯದಕ್ಕೆ, ಕೂತ ಕಾವಲುಗಾರ ನಿದ್ದೆ ಮಾಡುತ್ತಾನೆ ಎಂದು. ಮೂರನೆಯದಕ್ಕೆ, ನಿಲ್ಲುವುದರಿಂದ ದೇಹಕ್ಕಾಗುವ ಹನ್ನೊಂದು ಲಾಭಗಳ ಒಂದು ಮುದ್ರಿತ ಹಾಳೆ ಬಂತು. ಅದನ್ನು ಹೆಂಡತಿ ಡಬ್ಬಿಯ ತಳಕ್ಕೆ ಹಾಸಿದಳು. ಆಮೇಲಿನವಕ್ಕೆ ಉತ್ತರವೇ ಇಲ್ಲ. ಏಳನೆಯದನ್ನು ಮಾತ್ರ ನಿರ್ದೇಶಕಿ ಮೇಡಂ ಓದಿದ್ದರು, ಇವತ್ತು ಹೊರಗಿನಿಂದ ಬರುವ ಪಂಡಿತರನ್ನು ಕರೆದುಕೊಂಡು ಐದನೇ ಕೋಣೆಗೆ ಬಂದಾಗ ಜಾಗ ನೋಡಿ ಹೇಳುತ್ತೇನೆ ಎಂದು ಅದರ ಅಂಚಿನಲ್ಲಿ ಬರೆದಿದ್ದರು. ಏಳು ವರ್ಷ ಕಾದ ದಿನ. ಆ ಪಂಡಿತರಾದರೂ ಮಮ್ಮಿಯ ಪಂಡಿತರೋ ಲಿಪಿಯ ಪಂಡಿತರೋ ಆಗಬಾರದಿತ್ತೆ? ಅವರು ಹಳೆಯ ಹುರಿ, ಹಗ್ಗ, ಗಂಟುಗಳ ಪಂಡಿತರು. ಅವರು ಬರುತ್ತಿರುವುದು ಕುರ್ಚಿಯ ಹೆಣಿಗೆ ನೋಡಲು. ಆ ಹೆಣಿಗೆಯನ್ನು ಅವನು ಹೋದ ಸೋಮವಾರ ಹರಿದಿದ್ದ.

ತಪ್ಪು ಗಾಜಿನದೂ ಹೌದು. ಕುರ್ಚಿಯ ಗಾಜಿನ ಗೂಡು ಮಂಜಾಗಿದೆಯೆಂದು ಕಳಚಿ ಒಯ್ದವರು ಮೂರು ವಾರವಾದರೂ ಹೊಸದನ್ನು ತಂದಿರಲಿಲ್ಲ. ಮೊಣಕಾಲೆತ್ತರದ ಕಟ್ಟೆಯ ಮೇಲೆ ಕುರ್ಚಿ ಬತ್ತಲೆ ನಿಂತಿತ್ತು, ಸುತ್ತ ಒಂದು ಕೆಂಪು ಹಗ್ಗ. ಸಿಂಹದ ಪಾದದ ನಾಲ್ಕು ಕಾಲು, ನಡುವೆ ಜೇಡರ ಬಲೆಯಷ್ಟು ಸಣ್ಣಗೆ ಹೆಣೆದ ನಾರಿನ ಹುರಿ. ಚಿತ್ರದಲ್ಲಿ ಯಜಮಾನ ಕೂತದ್ದು ಇದರ ಮೇಲೇ. ಸೋಮವಾರ ರಜೆ, ಧೂಳು ಒರೆಸುವ ದಿನ. ಒರೆಸುವ ಅಕ್ಕ ಬಕೆಟ್ಟಿನ ನೀರು ಬದಲಿಸಲು ಕೆಳಗೆ ಹೋದಳು. ಅವನ ಕಾಲು ಆವತ್ತು ಬೆಳಗಿನಿಂದಲೇ ಬೇರೆ ಯಾರದೋ ಕಾಲಿನಂತಿತ್ತು. ಅದು ಅವನನ್ನು ಕೇಳದೆ ಕೆಂಪು ಹಗ್ಗ ದಾಟಿತು ಎಂದು ಆಮೇಲೆ ಅವನು ತನಗೇ ಹೇಳಿಕೊಂಡ, ಹೇಳಿಕೊಂಡದ್ದನ್ನು ತಾನೇ ನಂಬಲಿಲ್ಲ. ಕೂತ. ಹೆಚ್ಚಲ್ಲ, ಲಿಫ್ಟು ಕೆಳಗೆ ಹೋಗಿ ಮೇಲೆ ಬರುವಷ್ಟು ಹೊತ್ತು. ಆ ಹೊತ್ತಿನಲ್ಲಿ ಅವನ ಮೊಣಕಾಲಿನೊಳಗೆ ಹದಿಮೂರು ವರ್ಷದಿಂದ ಅಳುತ್ತಿದ್ದ ಏನೋ ಒಂದು ಸುಮ್ಮನಾಯಿತು. ಎದುರಿಗೆ ರೊಟ್ಟಿಯ ರಾಶಿ ಬೇಕಿತ್ತು ಎನ್ನಿಸಿತು. ನೀಲಿ ಗೊಂಬೆಗಳೆಲ್ಲ ಇಷ್ಟೂ ದಿನ ತನ್ನ ಜೊತೆ ನಿಂತಿದ್ದವು, ಈಗ ತನ್ನ ಎದುರು ನಿಂತಿವೆ ಎನ್ನಿಸಿತು. ಅದರಿಂದ ನಾಚಿಕೆಯಾಗುವ ಬದಲು ಒಂದು ಗೊಂಬೆಗೆ 'ಏ, ನೀರು ತಾ' ಎನ್ನಬೇಕೆನ್ನಿಸಿತು. ಅನ್ನುವಷ್ಟರಲ್ಲಿ ಕೆಳಗಿನಿಂದ 'ಪಟ್' ಎಂದಿತು.

ಮೂರು ಸಾವಿರ ವರ್ಷ ಹರಿಯದ ಹುರಿ. ಯಜಮಾನನ ಕುಂಡೆಗೆ ಹರಿಯದ್ದು. ಅವನು ಎದ್ದು ನಿಂತು ಮೊದಲು ಮಾಡಿದ್ದು ತನ್ನ ಪ್ಯಾಂಟಿನ ಹಿಂಭಾಗವನ್ನು ಕೊಡವಿಕೊಂಡದ್ದು. ಇತಿಹಾಸ ಅಲ್ಲಿ ಅಂಟಿಕೊಂಡಿದ್ದರೆ ಎಂದು. ಕೋಣೆಯ ಕ್ಯಾಮೆರಾ ಸುಣ್ಣ ಬಳಿದವರ ಏಣಿ ತಾಗಿ ಎರಡು ವರ್ಷದಿಂದ ಛಾವಣಿಯನ್ನೇ ನೋಡುತ್ತಿತ್ತು, ಆ ದೇವರಿಗೆ ಅವನು ಕೈ ಮುಗಿದ. ಮನೆಗೆ ಹೋಗಿ ಹೆಂಡತಿಯ ಹತ್ತಿರ ದಾರ ಕೇಳಿದ. ಅವಳು ದರ್ಜಿ, ಬೆಳಗಿಂದ ಸಂಜೆಯವರೆಗೆ ಹೊಲಿಗೆ ಯಂತ್ರದ ಮುಂದೆ ಕೂತು ಕೂತು ಸೊಂಟ ಹಿಡಿದವಳು, ರಾತ್ರಿ ಅವನು ಕಾಲು ನೀವಿಕೊಳ್ಳುವಾಗ ಅವಳು ಸೊಂಟ ನೀವಿಕೊಳ್ಳುತ್ತ, ನಮ್ಮಿಬ್ಬರನ್ನೂ ಅರ್ಧರ್ಧ ಕತ್ತರಿಸಿ ಜೋಡಿಸಿದರೆ ಒಬ್ಬ ಒಳ್ಳೆಯ ಮನುಷ್ಯ ಆಗುತ್ತಾನೆ ಎನ್ನುತ್ತಿದ್ದಳು. ಯಾವ ದಾರ ಎಂದಳು. ಹಳೇದು ಎಂದ. ಎಷ್ಟು ಹಳೇದು ಎಂದಳು. ಅವನು ಕಾಲು ನೀವಿಕೊಳ್ಳತೊಡಗಿದ. ಅವಳು ಅವನ ಮುಖ ನೋಡಿ, ಪೆಟ್ಟಿಗೆಯಿಂದ ಬಣ್ಣ ಹಾಕದ ಒಂದು ನಾರಿನ ಹುರಿ ತೆಗೆದು, ಒಲೆಯ ಮೇಲೆ ಕುದಿದು ಕುದಿದು ಕಷಾಯವಾಗಿದ್ದ ಚಹಾದಲ್ಲಿ ಅದ್ದಿ, ಕಿಟಕಿಗೆ ನೇತುಹಾಕಿದಳು. "ಬೆಳಿಗ್ಗೆಗೆ ನಿಮ್ಮಜ್ಜನ ಕಾಲದ್ದು ಆಗಿರುತ್ತೆ," ಎಂದಳು.

ಗಂಟು ಅಪ್ಪನದು. ಅಪ್ಪ ಮಂಚಕ್ಕೆ ಹಗ್ಗ ಹೆಣೆಯುತ್ತಿದ್ದ. ಬೀದಿಯಲ್ಲಿ ಅಪ್ಪನ ಜಾಗ ನೆಲ. ಎಂಥ ದೊಡ್ಡ ಮನುಷ್ಯ ಬಂದು ತಲೆಯ ಮೇಲೆ ನಿಂತರೂ ಅಪ್ಪ ಏಳುತ್ತಿರಲಿಲ್ಲ, ಏಳಲು ಆಗುತ್ತಲೂ ಇರಲಿಲ್ಲ, ಏಕೆಂದರೆ ಹಗ್ಗದ ಒಂದು ತುದಿ ಯಾವಾಗಲೂ ಅವನ ಕಾಲಿನ ಹೆಬ್ಬೆರಳಿಗೆ ಸಿಕ್ಕಿಕೊಂಡಿರುತ್ತಿತ್ತು. ಹೆಬ್ಬೆರಳಿಗೆ ಸುತ್ತಿ ಬಿಗಿದು, ತುದಿಯನ್ನು ಆ ಸುತ್ತಿನ ಹೊಟ್ಟೆಯ ಕೆಳಗೆ ಎರಡು ಸಲ ನುಗ್ಗಿಸಿ, ಬೆರಳು ಬಿಡಿಸಿ ಆ ತೂತಿನಲ್ಲೇ ಎಳೆದರೆ ಗಂಟು ಚಪ್ಪಟೆಯಾಗಿ ಮಲಗಿಬಿಡುತ್ತದೆ. ಗಂಟು ಹಾಕಿದವನು ಯಾರು ಅಂತ ಮಲಗಿದವನ ಬೆನ್ನಿಗೆ ಗೊತ್ತಾಗಬಾರದು ಎಂದು ಅಪ್ಪ ಹೇಳುತ್ತಿದ್ದ, ಬಹಳ ಹೆಮ್ಮೆಯಿಂದ, ಗೊತ್ತಾಗಬಾರದ್ದಕ್ಕೆ ಯಾಕೆ ಹೆಮ್ಮೆಯೋ. ಮಗನಿಗೆ ಸಮವಸ್ತ್ರದ ಕೆಲಸ ಸಿಕ್ಕ ದಿನ ಬೀದಿಯವರಿಗೆಲ್ಲ, ನನ್ನ ಮಗ ಅಂತೂ ತನ್ನ ಕಾಲ ಮೇಲೆ ತಾನು ನಿಂತ ಎಂದು ಹೇಳಿಕೊಂಡು ತಿರುಗಿದ. ಪಾಪ, ಅಷ್ಟು ಅಕ್ಷರಶಃ ನಿಲ್ಲುತ್ತಾನೆಂದು ಅವನಿಗೇನು ಗೊತ್ತು. ಮಂಗಳವಾರ ಬಾಗಿಲು ತೆರೆಯುವ ಮುನ್ನ ಮಗ ಕುರ್ಚಿಯ ಕೆಳಗೆ, ಚಿತ್ರದಲ್ಲಿ ಬೆಕ್ಕು ಕೂತ ಜಾಗಕ್ಕೇ, ಅಂಗಾತ ತೂರಿಕೊಂಡು, ಒಂದು ಕಾಲು ಮೇಲೆತ್ತಿ, ಯಜಮಾನನ ಆಸನದ ತೂತಿನಿಂದ ತನ್ನ ಹೆಬ್ಬೆರಳು ಹೊರಕ್ಕೆ ಇಣುಕುವಂತೆ ಮಾಡಿಕೊಂಡು, ಚಹಾದ ವಾಸನೆಯ ಹುರಿಯಿಂದ ಆ ಗಂಟು ಹಾಕಿದ. ಗಂಟು ಚಪ್ಪಟೆಯಾಗಿ ಮಲಗಿತು. ಅದನ್ನು ನೋಡಿ ಒಂದು ಗಳಿಗೆ ಅವನಿಗೆ ಭಯ ಮರೆತು ಖುಷಿಯಾದದ್ದು ಈಗ ಅವನ ಮನಸ್ಸಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಪರಾಧವಾಗಿ ಕೂತಿತ್ತು. ಅದೂ ಕೂತಿತ್ತು.

ಇವತ್ತು ಮೊದಲು ಒಳಗೆ ಬಂದವನು ಕಾವಲುಗಾರರ ಮೇಲ್ವಿಚಾರಕ. ಕಾವಲುಗಾರರೆಲ್ಲ ಅವನನ್ನು ಬೆಕ್ಕು ಎನ್ನುತ್ತಿದ್ದರು. ರಬ್ಬರ್ ಅಟ್ಟೆಯ ಬೂಟು ಹಾಕಿಕೊಂಡು ಸದ್ದಿಲ್ಲದೆ ಬಂದು, ಗೋಡೆಗೆ ಒರಗಿದವರ ಕಿವಿಯ ಹಿಂದೆ ಕೆಮ್ಮುವುದು ಅವನ ಕೆಲಸ. ಅವನಿಗೆ ಕಾವಲುಗಾರರ ಹೆಸರು ಬೇಕಿರಲಿಲ್ಲ, ಕೋಣೆಯ ಸಂಖ್ಯೆ ಸಾಕಿತ್ತು. ಏ ಐದು, ಗುಂಡಿ ಹಾಕಿಕೋ ಎಂದ. ಐದೆನ್ನಿಸಿಕೊಂಡವನು ಗುಂಡಿ ಹಾಕಿಕೊಂಡ. ಹಿಂದೆಯೇ ಮೇಡಂ, ಮೇಡಂ ಪಕ್ಕದಲ್ಲಿ ಪಂಡಿತರು, ಅವರ ಹಿಂದೆ ಫೋಟೋ ತೆಗೆಯುವವಳು. ಪಂಡಿತರು ತೆಳ್ಳಗೆ, ಹೆಣೆದ ಹಗ್ಗದ ಹಾಗೇ ತಿರುಚಿಕೊಂಡಿದ್ದರು. ನಲವತ್ತು ವರ್ಷ ಗಂಟುಗಳನ್ನೇ ಓದಿದ ಆ ಮಹಾನುಭಾವರ ಎರಡೂ ಬೂಟಿನ ಲೇಸು ಬಿಚ್ಚಿ ನೆಲಕ್ಕೆ ಇಳಿಬಿದ್ದಿದ್ದವು. ಬೆಕ್ಕು ಅದನ್ನು ಕಂಡವನೇ ಮಂಡಿಯೂರಿ ಕಟ್ಟಿದ. ಎರಡು ಹೆಜ್ಜೆಗೆ ಅದು ಬಿಚ್ಚಿತು. ಮತ್ತೆ ಕಟ್ಟಿದ.

ಪಂಡಿತರು ಕೆಂಪು ಹಗ್ಗ ದಾಟಿ, ಕುರ್ಚಿಯ ಮೇಲೆ ಬಾಗಿ, ಕಣ್ಣಿಗೆ ಒಂದು ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ಉಸಿರಾಡಲಿಲ್ಲ. ಅವನೂ ಉಸಿರಾಡಲಿಲ್ಲ. ಅವರ ತಲೆ ಹೆಣಿಗೆಯ ಮೇಲೆ ಸಾಲು ಸಾಲಾಗಿ ಮೇಯುತ್ತ ಹೋಗಿ, ಹಿಂದಿನ ಎಡ ಮೂಲೆಗೆ ಬಂದು ನಿಂತಿತು. ಮುಗಿಯಿತು ಎಂದುಕೊಂಡ. ಗೋಡೆಯ ಮೇಲಿನ ಮೊಸಳೆಬಾಯಿ ಅಗಲವಾಯಿತು. ಪಂಡಿತರು ಮೂಗನ್ನು ಇನ್ನೂ ಕೆಳಗೆ ತಂದು ಮೂಸಿದರು, ಕಣ್ಣು ಮುಚ್ಚಿಕೊಂಡು ಮತ್ತೊಮ್ಮೆ ಮೂಸಿದರು, ಆಮೇಲೆ ದೇವರ ಮನೆಯಲ್ಲಿ ಮಾತಾಡುವ ದನಿಯಲ್ಲಿ, ಇಲ್ಲಿ ಒಂದು ರಿಪೇರಿಯಾಗಿದೆ ಎಂದರು. ಇದು ಹೆಣೆದವನ ಗಂಟಲ್ಲ, ಬೇರೆ ಕೈ. ಈ ಗಂಟನ್ನು ತಾವು ಯಾವ ಗೋರಿಯಲ್ಲೂ ಯಾವ ಪುಸ್ತಕದಲ್ಲೂ ಕಂಡಿಲ್ಲ. ಹುರಿಗೆ ಯಾವುದೋ ಸುಗಂಧದ ಅಂಟು ಸವರಿದ್ದಾರೆ, ಶವಕ್ಕೆ ಸವರುವಂಥದ್ದು, ಮೂರು ಸಾವಿರ ವರ್ಷವಾದರೂ ಪರಿಮಳ ಹೋಗಿಲ್ಲ. ಮೇಡಂ ಕೂಡ ಬಾಗಿ ಮೂಸಿ, ಹೌದು, ಏನೋ ಒಂದು ಗಂಭೀರವಾದ ವಾಸನೆ ಎಂದರು. ಬೆಕ್ಕು ಮೂಸಿ, ಕೈ ಜೋಡಿಸಿದ. ಐದನೇ ಕೋಣೆಯವನಿಗೆ ಹೆಂಡತಿಯ ಚಹಾದ ಬಗ್ಗೆ ತಾನು ಹದಿನೆಂಟು ವರ್ಷದಿಂದ ಆಡಿದ ಮಾತುಗಳೆಲ್ಲ ನೆನಪಾದವು.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಫೋಟೋದವಳು ನಲವತ್ತು ಸಲ ಕ್ಲಿಕ್ಕಿಸಿದಳು. ಪ್ರಯೋಗಾಲಯ ಗಿಯೋಗಾಲಯ ಬೇಡವೇ ಎಂದು ಮೇಡಂ ಕೇಳಿದರೆ, ಇಂಥ ಗಂಟಿನಿಂದ ಒಂದು ಎಳೆ ಕತ್ತರಿಸುವವನು ಕಟುಕ ಎಂದರು ಪಂಡಿತರು. ಮೇಡಂ ಮುಖ ಅರಳಿ, ಮೂರು ವಾರದಿಂದ ಗಾಜಿಲ್ಲದಿದ್ದರೂ ಕುರ್ಚಿಗೆ ಕೂದಲು ಕೊಂಕದಂತೆ ನೋಡಿಕೊಂಡಿದ್ದೀಯಲ್ಲ ಎಂದು ಅವನ ಕಡೆ ತಿರುಗಿದರು. ಹದಿಮೂರು ವರ್ಷದಲ್ಲಿ ಅವರು ಅವನ ಕಡೆ ತಿರುಗಿದ್ದು ಇದೇ ಮೊದಲು. ನಿನ್ನ ಅರ್ಜಿ ನೋಡಿದ್ದೇನೆ, ಆ ಮೂಲೆಯಲ್ಲಿ ಒಂದು ಸ್ಟೂಲು ಹಾಕಿಸೋಣ ಎಂದರು. ಬೆಕ್ಕು ಆ ಮೂಲೆಯನ್ನು, ಸ್ಟೂಲು ಆಗಲೇ ಅಲ್ಲಿದೆಯೋ ಎಂಬಂತೆ, ಕಣ್ಣಿನಿಂದಲೇ ಅಳೆದ. ಅಷ್ಟೇ. ಏಳು ವರ್ಷ ಕಾದದ್ದು ಒಂದು ವಾಕ್ಯದಲ್ಲಿ ಆಗಿಹೋಯಿತು. ಬಾಯಿ ಮುಚ್ಚಿಕೊಂಡು ನಿಂತರೆ ನಾಳೆಯಿಂದ ಕೂರಬಹುದು. ಬಾಯಿ ಮುಚ್ಚಿಕೊಂಡು ನಿಲ್ಲುವುದು ಅವನಿಗೆ ಕಷ್ಟದ ಕೆಲಸವೇ? ಅದಕ್ಕೇ ಅಲ್ಲವೇ ಅವನಿಗೆ ಸಂಬಳ? ಅವನು ಮನಸ್ಸಿನಲ್ಲೇ ಸ್ಟೂಲಿನ ಮೇಲೆ ಕೂತು ನೋಡಿದ. ಸ್ವಲ್ಪ ಅಲ್ಲಾಡಿತು, ಒಂದು ಕಾಲಿನ ಕೆಳಗೆ ಕಾಗದ ಮಡಚಿಟ್ಟ, ಸರಿಯಾಯಿತು.

ಮೇಡಂ ಹೊಸ ಫಲಕಕ್ಕೆ ಒಂದು ವಾಕ್ಯ ಹೇಳಿ ಎಂದು ಪಂಡಿತರನ್ನು ಕೇಳಿದರು. ಪಂಡಿತರು ಕಣ್ಣು ಅರ್ಧ ಮುಚ್ಚಿ, ಒಂದೊಂದೇ ಮಾತನ್ನು ಹೆಕ್ಕಿ ಹೇಳಿದರು, ಬೆಕ್ಕು ಅಂಗೈ ಮೇಲೆ ಬರೆದುಕೊಂಡ. "ತನ್ನ ಯಜಮಾನನ ಮೇಲಿನ ಅಪಾರ ಪ್ರೀತಿಯಿಂದ, ಹೆಸರು ಬಯಸದ ಒಬ್ಬ ಸೇವಕ, ಈ ಗಂಟನ್ನು ಹಾಕಿದ."

ಅವನು ಎಡಗಾಲಿನಿಂದ ಬಲಗಾಲಿಗೆ ಭಾರ ದಾಟಿಸಿದ. ಮತ್ತೆ ಎಡಕ್ಕೆ ದಾಟಿಸಿದ. ಚಹಾವನ್ನು ಸುಗಂಧ ಎನ್ನಲಿ, ವಾರದ ಹಿಂದಿನದನ್ನು ಮೂರು ಸಾವಿರ ವರ್ಷದ್ದು ಎನ್ನಲಿ, ಅದು ಅವರವರ ಓದು. ಆದರೆ ಪ್ರೀತಿಯೇ? ಆ ಪೆಟ್ಟಿಗೆಯ ಮೇಲಿನ ಹೊಟ್ಟೆ ತುಂಬಿದ ಮುಖದ ಮೇಲೆ ಪ್ರೀತಿಯೇ? ಅಪ್ಪ ನೆನಪಾದ, ಹೆಬ್ಬೆರಳಿನ ಸಂದಿಯಲ್ಲಿ ಹಗ್ಗ ಕೊರೆದು ಆಗಿದ್ದ ಕರಿಯ ಗೆರೆ ನೆನಪಾಯಿತು. ನಾಳೆ ಜನ ಸಾಲಾಗಿ ಬಂದು ಆ ಫಲಕ ಓದಿ, ನೋಡು, ಆಗಿನ ಆಳುಗಳು ಎಷ್ಟು ಒಳ್ಳೆಯವರು ಎನ್ನುತ್ತಾರೆ, ಅದನ್ನು ಅವನು ಸ್ಟೂಲಿನ ಮೇಲೆ ಕೂತು ಕೇಳಿಸಿಕೊಳ್ಳಬೇಕು. ಕಪಾಟಿನ ನೀಲಿ ಗೊಂಬೆಗಳು, ಒಂದೂ ಕದಲದೆ, ಅವನನ್ನೇ ನೋಡುತ್ತಿದ್ದವು.

"ಪ್ರೀತಿಯಿಂದ ಅಲ್ಲ ಮೇಡಂ," ಎಂದುಬಿಟ್ಟ. "ಹೆದರ್ಕೊಂಡು ಹಾಕಿದ್ದು."

ನಾಲ್ವರೂ ತಿರುಗಿದರು. ಗೋಡೆ ಮಾತಾಡಿದ್ದರೆ ಹಾಗೆ ತಿರುಗುತ್ತಿದ್ದರು. ನಿನಗೆ ಹೇಗಪ್ಪ ಗೊತ್ತು ಎಂದು ಪಂಡಿತರು ಮೃದುವಾಗಿ ಕೇಳಿದರು.

"ನಾನೇ ಹಾಕಿದ್ದು ಸಾರ್. ಹೋದ ಮಂಗಳವಾರ. ಕಾಲು ನೋಯ್ತಿತ್ತು, ಸೋಮವಾರ ಅದರ ಮೇಲೆ ಕೂತೆ, ಹರೀತು. ವಾಸನೆ ನಮ್ಮನೆ ಚಹಾದ್ದು."

ಮೇಡಂ ಮೊದಲು ನಕ್ಕರು. ಆಮೇಲೆ ಪಂಡಿತರು ನಕ್ಕರು; ಮೇಲಿನವರಿಬ್ಬರೂ ನಕ್ಕದ್ದು ಖಾತ್ರಿಯಾದ ಮೇಲೆ ಬೆಕ್ಕು ಎಲ್ಲರಿಗಿಂತ ಜೋರಾಗಿ ನಕ್ಕ. ಫೋಟೋದವಳು ಕ್ಯಾಮೆರಾದ ಹಿಂದೆ ಭುಜ ಕುಣಿಸಿದಳು. ಹದಿಮೂರು ವರ್ಷ ಒಂದೇ ಕೋಣೆಯಲ್ಲಿದ್ದರೆ ಹೀಗೇ ಆಗುತ್ತದೆ, ವಸ್ತುಗಳು ಮೈಮೇಲೆ ಬರುತ್ತವೆ ಎಂದರು ಪಂಡಿತರು. ಇನ್ನೊಂದು ಊರಿನಲ್ಲಿ ಒಬ್ಬ ಕಾವಲುಗಾರ ತಾನೇ ಮಮ್ಮಿ ಎಂದುಕೊಂಡಿದ್ದನಂತೆ. ಈ ಗಂಟನ್ನು ಹಾಕಲು ಒಂದು ತಲೆಮಾರಿನ ಅಭ್ಯಾಸ ಬೇಕು ಮಗೂ, ಎಂದು ಅವನ ಹೆಗಲು ತಟ್ಟಿದರು. ಬೆಕ್ಕು ಅವನ ಕಿವಿಯ ಹಿಂದೆ, ನಿನ್ನ ಜಾಗಕ್ಕೆ ಹೋಗಿ ನಿಲ್ಲು ಐದು ಎಂದ. ಅವನು ತನ್ನ ಜಾಗದಲ್ಲೇ ಇದ್ದ. ಜೀವನದಲ್ಲಿ ಒಂದೇ ಒಂದು ಸಲ ನಿಜ ಹೇಳಲು ಕೆಲಸವನ್ನೇ ಪಣಕ್ಕಿಟ್ಟರೆ, ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ. ತಪ್ಪಿತಸ್ಥನಾಗಲೂ ಒಂದು ಯೋಗ್ಯತೆ ಬೇಕೆಂದು ಅವನಿಗೆ ತಿಳಿದಿರಲಿಲ್ಲ.

ಪಂಡಿತರು ಜೇಬಿನಿಂದ ಒಂದು ಮೊಳ ಬಿಳಿ ಹುರಿ ತೆಗೆದು, ಕ್ಯಾಮೆರಾಕ್ಕೆ ಈ ಗಂಟನ್ನು ಹಾಕಿ ತೋರಿಸುತ್ತೇನೆ ಎಂದು ಹೊರಟರು. ಮೊದಲನೆಯ ಸಲ ಗಂಟು ಬಿಚ್ಚಿಹೋಯಿತು. ಎರಡನೆಯ ಸಲ ಉಬ್ಬಿತು. ಮೂರನೆಯ ಸಲ ಅವರ ತೋರುಬೆರಳು ಒಳಗೇ ಸಿಕ್ಕಿಹಾಕಿಕೊಂಡು ತುದಿ ನೀಲಿಗಟ್ಟಿತು, ಬೆಕ್ಕು ಹಲ್ಲಿನಿಂದ ಬಿಡಿಸಬೇಕಾಯಿತು. ಬೆರಳು ಉಜ್ಜಿಕೊಳ್ಳುತ್ತ ಅವರು, ನೋಡಿದಿರಲ್ಲ, ಎರಡು ಕೈಯಲ್ಲಿ ಇದು ಸಾಧ್ಯವೇ ಇಲ್ಲ, ಅವರು ಯಾವುದೋ ಉಪಕರಣ ಬಳಸುತ್ತಿದ್ದರು, ಆ ವಿದ್ಯೆ ಅವರೊಂದಿಗೇ ಸತ್ತಿತು ಎಂದರು. ಅವರ ದನಿಯಲ್ಲಿ ನಿಜವಾದ ದುಃಖವಿತ್ತು. ಅದನ್ನು ಕೇಳಿ ಅವನಿಗೆ ಸಿಟ್ಟಿನ ನಡುವೆಯೂ ಆ ಮುದುಕರ ಮೇಲೆ ಮರುಕ ಹುಟ್ಟಿತು.

'ಇಗೋ, ನಾನಿದ್ದೇನೆ' ಎಂದು ಅವನು ಹೇಳಲಿಲ್ಲ. ಅದು ಗೊಂಬೆಗಳು ಹೇಳುವ ಮಾತು. ಕೋಣೆಯ ನಟ್ಟನಡುವೆ, ಸತ್ತವನ ಕುರ್ಚಿಗೂ ಪೆಟ್ಟಿಗೆಗೂ ನಡುವೆ, ಅವನು ನೆಲದ ಮೇಲೆ ಕೂತ. ಮೊಣಕಾಲು ಎರಡು ಕಡೆ ಲಟಕ್ಕೆಂದಿತು. ಬಲಗಾಲಿನ ಬೂಟು ಕಳಚಿದ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಆಗಲೇ ಹೊರಗೆ ಬಂದು ಕಾದಿತ್ತು. ಮೇಡಂ ನೋಡುತ್ತಿದ್ದಾರೆಂದು ಒಂದು ಗಳಿಗೆ ನಾಚಿ, ಕಾಲುಚೀಲವನ್ನೂ ಎಳೆದು ಪಕ್ಕಕ್ಕಿಟ್ಟ. ಏಯ್ ಐದು ಎಂದು ಬೆಕ್ಕು ಮುಂದೆ ಬಂದ. ಅಷ್ಟರಲ್ಲಿ ಅವನು ಪಂಡಿತರ ಕಡೆ ಕೈ ಚಾಚಿದ್ದ, ಪಂಡಿತರು ಯಾಕೆಂದು ತಿಳಿಯದೆಯೇ ಹುರಿಯನ್ನು ಕೊಟ್ಟಿದ್ದರು. ಹೆಬ್ಬೆರಳಿಗೆ ಸುತ್ತಿದ, ಬಿಗಿದ. ತುದಿಯನ್ನು ಹೊಟ್ಟೆಯ ಕೆಳಗೆ ಒಂದು ಸಲ ನುಗ್ಗಿಸಿದ. ಪಂಡಿತರು ಬಾಗಿದರು. ಎರಡನೆಯ ಸಲ ನುಗ್ಗಿಸಿದ. ಬಾಗಿದ್ದು ಸಾಲದೆ ಪಂಡಿತರು ಮಂಡಿಯೂರಿದರು, ಆಮೇಲೆ ಪೂರಾ ಕೂತೇಬಿಟ್ಟರು, ಮೂಗು ಅವನ ಪಾದಕ್ಕೆ ಗೇಣು ದೂರದಲ್ಲಿ. ಅವನು ಬೆರಳು ಬಿಡಿಸಿ ಎಳೆದ. ಗಂಟು ಚಪ್ಪಟೆಯಾಗಿ ಮಲಗಿತು.

ಯಾರೂ ನಗಲಿಲ್ಲ. ಪಂಡಿತರು ಭೂತಗನ್ನಡಿಯಲ್ಲಿ ಗಂಟನ್ನು ನೋಡಿದರು, ಕುರ್ಚಿಯ ಮೂಲೆಯನ್ನು ನೋಡಿದರು, ಮತ್ತೆ ಅವನ ಹೆಬ್ಬೆರಳನ್ನು ನೋಡಿದರು. ಮುಖದಿಂದ ಮೂರು ಸಾವಿರ ವರ್ಷ ಒಂದೊಂದಾಗಿ ಇಳಿದುಹೋಗುವುದು ಕಾಣಿಸಿತು. ಮೇಡಂ ಮೂಲೆಯ ಕಡೆ ನೋಡಿದರು. ಸ್ಟೂಲು ಅಲ್ಲಿಂದ ಎದ್ದು ಹೋಗಿದ್ದನ್ನು ಅವನೂ ಕಂಡ. ನಾಳೆ ಸ್ಟೂಲೂ ಇಲ್ಲ, ಬಹುಶಃ ನಿಲ್ಲಲು ಕೋಣೆಯೂ ಇಲ್ಲ. ಹೆಂಡತಿಗೆ ಏನು ಹೇಳುವುದು? ನಿನ್ನ ಚಹಾವನ್ನು ಇಬ್ಬರು ದೊಡ್ಡವರು ಹೊಗಳಿದರು ಎನ್ನಬಹುದು. ಗೋಡೆಯ ಕಡೆ ಕಣ್ಣು ಹೋಯಿತು, ತಕ್ಕಡಿ ಎಲ್ಲಿತ್ತೋ ಅಲ್ಲೇ ಇತ್ತು. ಆಮೇಲೆ ಪಂಡಿತರು, ಅವನನ್ನು ಇಷ್ಟು ಹೊತ್ತು ಕರೆದ ದನಿಯನ್ನು ಬಿಟ್ಟು ಬೇರೊಂದು ದನಿಯಲ್ಲಿ, "ಇನ್ನೊಂದ್ಸಲ ಮಾಡಿ ತೋರಿಸ್ತೀರಾ?" ಎಂದರು.

ಅವನು ಗಂಟನ್ನು ಬಿಚ್ಚಿದ. ಬಿಚ್ಚುವುದಕ್ಕೂ ಒಂದು ರೀತಿಯಿತ್ತು, ಆತುರವಿಲ್ಲದ ರೀತಿ. ಫೋಟೋದವಳು ಕೋನ ಸಿಗಲಿಲ್ಲವೆಂದು ನೆಲಕ್ಕೆ ಕೂತಳು. ಮೇಡಂ ಆಚೀಚೆ ನೋಡಿ, ಬಟ್ಟೆಯ ನೆರಿಗೆ ಒಟ್ಟು ಮಾಡಿಕೊಂಡು, ಕಟ್ಟೆಯ ಅಂಚಿನ ಮೇಲೆ ಮೆಲ್ಲಗೆ ಕೂತರು. ಕೂತವರ ಬಾಯಿಂದ 'ಉಸ್ಸಪ್ಪ' ಎಂದು ಹೊರಟಿತು, ಅವರಿಗೂ ಕಾಲಿದ್ದವು. ಕಪಾಟಿನ ಗೊಂಬೆಗಳನ್ನು ಬಿಟ್ಟರೆ ಆ ಕೋಣೆಯಲ್ಲಿ ಈಗ ನಿಂತಿದ್ದವನು ಬೆಕ್ಕು ಒಬ್ಬನೇ, ಅಂಗೈ ಮೇಲೆ ಅಪಾರ ಪ್ರೀತಿಯನ್ನು ಬರೆದುಕೊಂಡು, ಅದನ್ನು ಅಳಿಸಬೇಕೋ ಇಟ್ಟುಕೊಳ್ಳಬೇಕೋ ಯಾರೂ ಹೇಳದೆ, ಎಡಗಾಲಿನಿಂದ ಬಲಗಾಲಿಗೆ ಭಾರ ದಾಟಿಸುತ್ತಿದ್ದ.

ಐದನೇ ಕೋಣೆಯವನು ಹುರಿಯನ್ನು ಹೆಬ್ಬೆರಳಿಗೆ ಮತ್ತೆ ಸಿಕ್ಕಿಸಿ, ಬೆಕ್ಕಿನ ಕಡೆ ತಲೆ ಎತ್ತಿದ.

"ಕೂತ್ಕೊಳ್ಳಿ ಸಾರ್," ಎಂದ. "ಇದು ಬೇಗ ಮುಗಿಯೋ ಕೆಲಸ ಅಲ್ಲ."